ಪೆಟ್ರೋಲ್ ಪಂಪಿನ ಪಕ್ಕದ ಬಾವಿ

ಗೆಳೆಯರೇ, ಬಿಬವೇವಾಡಿಯ ನಮ್ಮ ವಠಾರದ ಬಾವಿ ಪೆಟ್ರೋಲ್ ಪಂಪಿನ ಪಕ್ಕದಲ್ಲಿದೆ. ವಾರದಿಂದ ಅದರ ನೀರಿನ ಚಹಾ ಕುಡಿದು ನಾವೆಲ್ಲ ಸ್ಕೂಟರಿನಂತೆ ತೇಗುತ್ತಿದ್ದೇವೆ. ಪಂಪಿನ ನೆಲದಡಿಯ ಪೆಟ್ರೋಲ್ ಟಾಕಿಯೇ ಸೋರುತ್ತಿರಬೇಕೆಂದು ನೆರೆಮನೆಯ ಗೋದಕ್ಕ ಇಂದು ಒಂದು ಕೊಡ ನೀರನ್ನು ಒಯ್ದು ಪಂಪಿನ ಮಾಲೀಕರ ಮೇಜಿನ ಮೇಲಿಟ್ಟರು. ಸಾಕ್ಷಿಗೆ ನಾನಿದ್ದೆ.

ಮಾಲೀಕರು ಮೂಸಿಯೂ ನೋಡದೆ ಮರಾಠಿ ಬೆರೆಸಿದ ಕನ್ನಡದಲ್ಲಿ ಅಂದರು: “ಅಹೋ ಕಾಕೂ, ನಮ್ಮ ಟಾಕಿ ಸೋರೂದಿಲ್ಲ. ಈ ಪಾಣಿ ಏಕದಮ್ ಶುದ್ಧ ಅದ.”

“ಹಂಗಾದ್ರ ಇದು ಗಂಗಾನ ಆತಲ್ರಿ,” ಎಂದು ಗೋದಕ್ಕ ಕೊಡಕ್ಕೆ ಕೈಮುಗಿದರು. “ಒಂದು ಆರತಿ ಬೆಳಗತೀನಿ. ಮೇಜಿನ ಮ್ಯಾಲಿನ ಆ ಕಡ್ಡಿಪೆಟ್ಟಿಗಿ ಕೊಡ್ರಿ.”

ಮಾಲೀಕರು ಕಡ್ಡಿಪೆಟ್ಟಿಗೆಯನ್ನು ಸರಕ್ಕನೆ ಜೇಬಿಗಿಳಿಸಿ, ಕೊಡವನ್ನು ತಾವೇ ಹೊರಗೆ ಹೊತ್ತೊಯ್ದರು. ನಾಳೆಯೇ ಟಾಕಿ ಅಗೆಸುತ್ತಾರಂತೆ. ಅಲ್ಲಿಯವರೆಗೆ ನಮಗೆ ಕುಡಿಯಲು ಪಂಪಿನ ನಲ್ಲಿಯ ನೀರು.

ದೀಪ ಹಚ್ಚುವ ಮೊದಲೇ ಫಲ ಕೊಟ್ಟ ಆರತಿಯನ್ನು ನಾನು ನೋಡಿದ್ದು ಇದೇ ಮೊದಲು.