ಚೆನ್ನುವಿನ ಬೆರಕೆ

ಗಡಂಗಿಗೆ ಬಂದವರನ್ನು ಚೆನ್ನು ಮೊದಲು ಕೇಳುತ್ತಿದ್ದದ್ದು, "ಎಂತ ತಿಂದು ಬಂದದ್ದು?" ಎಂದು. ಕಳ್ಳು ಎಷ್ಟು ಬೇಕು ಎಂಬ ಮಾತು ಆಮೇಲೆ. ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯದೆ ಗ್ಲಾಸಿಗೆ ಏನು ಹೊಯ್ಯಲಿ ಎನ್ನುವುದು ಅವಳ ವಾದ. ನಾನು ಜಾಲ್ಸೂರಿನಲ್ಲಿ ಬಸ್ ಏಜೆಂಟನಾಗಿದ್ದವನು, ದಿನಕ್ಕೆ ನೂರು ಜನರನ್ನು ಗದರಿಸಿ ಬಸ್ಸಿಗೆ ಹತ್ತಿಸಿದವನು. ಆ ಹೆಂಗಸಿನ ಮುಂದೆ ಮಾತ್ರ ಬೆಳಗ್ಗೆಯಿಂದ ತಿಂದದ್ದನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸುತ್ತಿದ್ದೆ.

ಅರವತ್ತರ ದಶಕದ ಕೊನೆ. ಪಾನನಿರೋಧ ಹೋಗಿ ನಮ್ಮ ಕಡೆ ಮತ್ತೆ ಗಡಂಗುಗಳ ಬಾಗಿಲು ತೆರೆದಿತ್ತು. ಅದಕ್ಕೆ ಮೊದಲು ಚೆನ್ನು ಬೀಡಿ ಕಟ್ಟುತ್ತಿದ್ದಳು, ಅವಳ ಗಂಡ ಗುರುವಪ್ಪ ಕಂಡವರ ತೋಟದಲ್ಲಿ ಮಣ್ಣು ಹೊರುತ್ತಿದ್ದ. ಈಗ ಅವನು ಮತ್ತೆ ಮರ ಹತ್ತಿ ಕಳ್ಳು ಇಳಿಸುವುದು, ಇವಳು ಗಡಂಗು ನೋಡಿಕೊಳ್ಳುವುದು. ಇಬ್ಬರ ಮೈಯಲ್ಲೂ ತುಸು ಮಾಂಸ ತುಂಬಿತ್ತು.

ಗುರುವಪ್ಪ ಎರಡು ಬಗೆಯ ಕಳ್ಳು ತರುತ್ತಿದ್ದ. ತೆಂಗಿನದು ತೆಳು, ಚುರುಕು, ಬೇಗ ಹುಳಿಗೆ ತಿರುಗಿ ಮೂಗಿಗೆ ಹೊಡೆಯುವಂಥದ್ದು. ಕಾಡಿನ ಬೈನೆ ಮರದ್ದು ದಪ್ಪ, ಸಿಹಿ, ನಿಧಾನದ್ದು. ಬೇರೆ ಗಡಂಗಿನವರು ಅವನ್ನು ಬೇರೆ ಬೇರೆಯಾಗಿಯೇ ಮಾರುತ್ತಿದ್ದರು. ಚೆನ್ನು ಮಾತ್ರ ಎರಡನ್ನೂ ಒಂದೇ ಮಡಕೆಗೆ ಹೊಯ್ದು, ಚಿಪ್ಪಿನ ಸೌಟಿನಲ್ಲಿ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ನೊರೆಯ ಸದ್ದು ಕೇಳುತ್ತಿದ್ದಳು. ಸದ್ದು ಸರಿಯಿಲ್ಲದಿದ್ದರೆ ಇನ್ನರ್ಧ ಸೌಟು ಬೈನೆ. ನಾಲಗೆಯ ತುದಿಗೆ ಒಂದು ಹನಿ ತಾಗಿಸುವುದು ಬಿಟ್ಟರೆ ಅವಳು ಕುಡಿದದ್ದನ್ನು ನಾನು ನೋಡಿಲ್ಲ.

ಆ ಬಿಳಿ ಕಳ್ಳಿನ ಗುಣವನ್ನು ನಾನು ಎಷ್ಟು ಹೇಳಿದರೂ ಕಡಿಮೆಯೇ. ಮೊದಲು ಸಿಹಿ, ನಡುವೆ ತುಸು ಒಗರು, ಗಂಟಲಲ್ಲಿ ಇಳಿದ ಮೇಲೆ ಹುಳಿ. ಬೆಳಗ್ಗೆ ಬೈನೆ ಹೆಚ್ಚು ಹಾಕುತ್ತಿದ್ದಳು, ಜೊತೆಗೆ ನಂಜಿಕೊಳ್ಳಲು ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ. ಮಧ್ಯಾಹ್ನ ಸಮಸಮ, ಅದಕ್ಕೆ ಒಣಮೀನಿನ ಚಟ್ನಿ. ಸಂಜೆಗೆ ತೆಂಗಿನ ಹುಳಿ ಮೇಲಾದಾಗ ಎಣ್ಣೆಯಲ್ಲಿ ಕಾಯಿಸಿದ ಬೂತಾಯಿ ಮೀನು, ಭಾನುವಾರವಾದರೆ ಹಂದಿ ಮಾಂಸ. ಒಮ್ಮೆ ನಾನು ಬೆಳಗ್ಗೆಯೇ ಬೂತಾಯಿ ಕೇಳಿದ್ದಕ್ಕೆ, "ಸಿಹಿಯ ಒಟ್ಟಿಗೆ ಮೀನೆಣ್ಣೆ ಸೇರಿದ್ರೆ ಬಾಯಿ ತೊಳೆಯಲು ಹೊಳೆಗೇ ಹೋಗ್ಬೇಕು. ಸುಮ್ಮನೆ ಗೆಣಸು ತಿನ್ನಿ ಮೇದಪ್ಪಣ್ಣ" ಎಂದು ತಟ್ಟೆಯನ್ನೇ ಎತ್ತಿಟ್ಟಳು.

ಹೀಗೆ ಬೆರೆಸಿದ ಕಳ್ಳಿಗೆ ಅವಳಿಟ್ಟ ಹೆಸರು ಬೆರಕೆ. ಸುಳ್ಯದಿಂದ ಪುತ್ತೂರಿನವರೆಗೆ ಜನ ಆ ಹೆಸರನ್ನೇ ಹೇಳಿಕೊಂಡು ಹುಡುಕಿ ಬರುತ್ತಿದ್ದರು.

ಒಂದು ದಿನ ಪುತ್ತೂರು ಬಸ್ಸಿನಿಂದ ಇಸ್ತ್ರಿ ಮಾಡಿದ ಅಂಗಿಯವರೊಬ್ಬರು ಇಳಿದು, ಇಲ್ಲಿ ಒಳ್ಳೆಯ ಕಳ್ಳು ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದರು. ನನ್ನ ಬಾಯಿಗೆ ಬೀಗ ಎಲ್ಲಿತ್ತು? "ಶುದ್ಧದ್ದು ಎಲ್ಲ ಕಡೆ ಸಿಗ್ತದೆ ಮಾರಾಯ್ರೆ. ಬೆರಕೆ ಬೇಕಾದ್ರೆ ಚೆನ್ನುವಿನಲ್ಲಿಗೇ ಹೋಗ್ಬೇಕು" ಎಂದು ಕೊಚ್ಚಿಕೊಂಡೆ. ಸಾಲದ್ದಕ್ಕೆ ದಾರಿ ತೋರಿಸಲು ಜೊತೆಗೂ ಹೋದೆ.

ಅವರು ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದ ಅಬಕಾರಿ ಅಧಿಕಾರಿ. ಗಡಂಗಿನೊಳಗೆ ಕಾಲಿಟ್ಟವರೇ ಪುಸ್ತಕ ತೆಗೆದರು. "ಕಲಬೆರಕೆ ಮಾರುತ್ತಿದ್ದೀಯಂತಲ್ಲಮ್ಮ. ನಿಮ್ಮ ಊರಿನವರೇ ಹೇಳಿದರು. ಇವತ್ತೇ ಬೀಗ ಹಾಕಿಸುತ್ತೇನೆ."

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಚೆನ್ನು ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಬೆಂಚು ಒರೆಸಿ, "ಕೂತುಕೊಳ್ಳಿ ಸಾಹೇಬ್ರೇ. ನೋಡಿ ಬರೀರಿ" ಎಂದಳು. ಮೂರು ಗ್ಲಾಸು ಇಟ್ಟಳು: ಒಂದರಲ್ಲಿ ತೆಂಗಿನದು, ಒಂದರಲ್ಲಿ ಬೈನೆಯದು. ಮೂರನೆಯದನ್ನು ಅವರ ಕಣ್ಣೆದುರೇ ಬೆರೆಸಿದಳು. "ನೀರುಂಟಾ? ಮದ್ದುಂಟಾ? ಮರದಿಂದ ಇಳಿದದ್ದು ಬಿಟ್ಟು ಬೇರೆ ಎಂತಾದ್ರೂ ಉಂಟಾ?"

ಕೆಲಸದ ಹೊತ್ತಿನಲ್ಲಿ ಕುಡಿಯುವುದಿಲ್ಲ, ಪರೀಕ್ಷೆಗೆ ಮಾತ್ರ, ಎಂದು ಅವರು ಒಂದು ಗುಟುಕು ತೆಗೆದುಕೊಂಡರು. ಚೆನ್ನು ಗೆಣಸು ಮುಂದೆ ತಳ್ಳಿದಳು. ಆಮೇಲೆ ಒಣಮೀನಿನ ಚಟ್ನಿ. ಪರೀಕ್ಷೆ ಮಧ್ಯಾಹ್ನ ಒಂದೂವರೆಯವರೆಗೆ ನಡೆಯಿತು. ಕೊನೆಗೆ ಅವರು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, "ಇದರಲ್ಲಿ ಕಲಬೆರಕೆ ಏನೂ ಇಲ್ಲ" ಎಂದು ಒಪ್ಪಿಕೊಂಡರು. ನನಗೆ ಹೋದ ಜೀವ ಬಂತು.

"ಆದರೆ ಆ ಹೆಸರು ಬಿಟ್ಟುಬಿಡು" ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು. "ಮಿಶ್ರ ಅನ್ನು, ಇನ್ನೇನಾದರೂ ಅನ್ನು. ಬೆರಕೆ ಅಂತ ಕೇಳಿದರೆ ನಾಳೆ ಬರುವವರು ರುಚಿ ನೋಡಲಿಕ್ಕೂ ನಿಲ್ಲುವುದಿಲ್ಲ, ಬೀಗ ಹಾಕಿಯೇ ಹೋಗುತ್ತಾರೆ."

ಆಯಿತು ಅನ್ನು ಎಂದು ನಾನು ಅವರ ಬೆನ್ನ ಹಿಂದಿನಿಂದ ಕಣ್ಸನ್ನೆ ಮಾಡಿದೆ. ಚೆನ್ನು ಸೌಟು ಕೆಳಗಿಟ್ಟಳು.

"ಆಗುದಿಲ್ಲ ಸಾಹೇಬ್ರೇ. ನನ್ನ ಅಪ್ಪ ಕಾಸರಗೋಡಿನ ಮಲಯಾಳದವರು. ಅಮ್ಮ ಇಲ್ಲಿಯವಳು, ತುಳುವಿನವಳು. ಸಣ್ಣದಿರುವಾಗ ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ. ಬೆರಕೆ ಅಂತಲೇ ಕರೀತಿದ್ರು. ಮದುವೆ ಮನೆಯಲ್ಲಿ ಪಂಕ್ತಿಯ ಕೊನೆಗೆ ಕೂರಿಸ್ತಿದ್ರು. ಈಗ ಅದೇ ಜನ ಅದೇ ಶಬ್ದ ಹೇಳಿ ಇನ್ನೊಂದು ಗ್ಲಾಸು ಕೊಡು ಅಂತ ಕೇಳ್ತಾರೆ. ಬೀಗ ಹಾಕುದಾದ್ರೆ ಹಾಕಿ, ನಾನು ಪುನಃ ಬೀಡಿ ಕಟ್ತೇನೆ. ಹೆಸರು ಬಿಡುದಿಲ್ಲ."

ಅಧಿಕಾರಿ ಮತ್ತೆ ಪೆನ್ನು ತೆಗೆದು, ಪುಸ್ತಕದಲ್ಲಿ ಬರೆದು ನಮಗೂ ಓದಿ ಹೇಳಿದರು: "ತೆಂಗಿನ ಮತ್ತು ಬೈನೆಯ ಶುದ್ಧ ಕಳ್ಳು. ಸ್ಥಳೀಯ ಹೆಸರು ಬೆರಕೆ." ಕೆಳಗೆ ಸಹಿ ಹಾಕಿ, ಆ ಹಾಳೆಯ ನಕಲನ್ನು ಅವಳ ಕೈಗೆ ಕೊಟ್ಟು, ಮೂರು ಗಂಟೆಯ ಬಸ್ಸಿಗೆ ಹೊರಟರು.

ಎಲ್ಲರೂ ಹೋದ ಮೇಲೂ ನಾನು ಕುಳಿತೇ ಇದ್ದೆ. ಚೆನ್ನುವೂ ನಾನೂ ಮೂರನೆಯ ಕ್ಲಾಸಿನವರೆಗೆ ಒಂದೇ ಶಾಲೆ.

"ಚೆನ್ನು, ಹಾಗೆ ಕರೆದವರಲ್ಲಿ ನಾನೂ ಒಬ್ಬ" ಎಂದೆ.

ಅವಳು ಗ್ಲಾಸು ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ. ಸಿಟ್ಟೇನೂ ಇರಲಿಲ್ಲ ಧ್ವನಿಯಲ್ಲಿ.

"ಗೊತ್ತುಂಟು ಮೇದಪ್ಪಣ್ಣ. ಮೊದಲು ಕರೆದದ್ದೇ ನೀವು."