ಪೂರ್ವದ ಕಿಟಕಿ

ಹೋಟೆಲಿನವರು ಸುಳ್ಳು ಹೇಳಿದರು ಅಂತ ಬೈಯುವ ಹಾಗೂ ಇಲ್ಲ, ಅದೇ ನನ್ನ ಸಂಕಟ. ಹಾಸಿಗೆಯಿಂದಲೇ ಗಂಗೆ, ಕಿಟಕಿಯಲ್ಲೇ ಸೂರ್ಯೋದಯ, ಕಾಶಿಯ ಮೋಕ್ಷದ ಅನುಭವ ಎಂದು ಜಾಹೀರಾತಿನಲ್ಲಿತ್ತು. ಹೋಗಿ ನೋಡಿದರೆ ಹಾಸಿಗೆಯಿಂದ ಗಂಗೆ ನಿಜಕ್ಕೂ ಕಾಣುತ್ತಿತ್ತು.

ಬ್ಯಾಂಕಿನವರು ನನ್ನನ್ನು ಬನಾರಸಿಗೆ ವರ್ಗ ಮಾಡಿದಾಗ ಅಕ್ಕನೂ ಜೊತೆಗೇ ಬಂದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಬಂದ ವರ್ಷವೇ ಅವಳ ಶ್ವಾಸಕೋಶ ಕೈಕೊಟ್ಟಿತು. ಕಂಟೋನ್ಮೆಂಟಿನ ನಮ್ಮ ಮನೆಯ ಕಿಟಕಿಗೆ ಕಾಣುವುದು ರೈಲು ಹಳಿ ಮಾತ್ರ. ಘಾಟಿನ ಮೆಟ್ಟಿಲು ಇಳಿಯುವುದಂತೂ ಆಗದ ಮಾತು.

"ಕಾಶೀಲಿದ್ದೂ ಗಂಗೆ ಮೇಲೆ ಸೂರ್ಯ ಹುಟ್ಟೋದು ನೋಡಲಿಲ್ಲ ಅಂದ್ರೆ ಊರಲ್ಲಿ ನಗ್ತಾರೆ ಕಣೋ" ಅನ್ನುತ್ತಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಆ ರೂಮು ಬುಕ್ ಮಾಡಿದೆ.

ಅಸ್ಸಿ ಘಾಟಿನ ಹತ್ತಿರದ ಆ ಹೋಟೆಲಿಗೆ ಮಧ್ಯಾಹ್ನ ಹೋದೆವು. ಶಂಖ ಊದಿದರು. ಅಕ್ಕನ ಹಣೆಗೆ ಗಂಧವಿಟ್ಟ ಹುಡುಗಿಯ ಕಣ್ಣೆಲ್ಲ ಆಕ್ಸಿಜನ್ ಸಿಲಿಂಡರಿನ ಮೇಲಿತ್ತು. ಲಿಫ್ಟಿನಲ್ಲಿ ಮೇಲೆ ಹೋಗಿ ಅಕ್ಕನನ್ನು ದಿಂಬಿಗೆ ಒರಗಿಸಿದೆ. ಅವಳು ಆಚೆ ದಡದ ಮರಳನ್ನೇ ನೋಡುತ್ತಾ, "ನಾಳೆ ಅಲ್ಲಿಂದ ಹುಟ್ಟೋದು ಅಲ್ವೇನೋ?" ಎಂದಳು.

ಒಂದು ಗಂಟೆಯಲ್ಲಿ ಮ್ಯಾನೇಜರ್ ಬಂದ. ಕೈಮುಗಿದು, ತಗ್ಗಿದ ದನಿಯಲ್ಲಿ, ಹಿಂದಿಯಲ್ಲಿ ಹೇಳಿದ. ಮಾತಾಜಿಗೆ ಇಲ್ಲಿ ಏನಾದರೂ ಆಗಿಬಿಟ್ಟರೆ ಬೇರೆ ಅತಿಥಿಗಳಿಗೆ ಕಷ್ಟ, ದುಡ್ಡು ಪೂರ್ತಿ ವಾಪಸ್, ಕೆಳಗೆ ಗಾಡಿ ರೆಡಿ ಇದೆ. ಸಾಯಲೆಂದೇ ಜನ ಹುಡುಕಿಕೊಂಡು ಬರುವ ಊರಿನಲ್ಲಿ ಈ ಮಾತು! ಮೈಯೆಲ್ಲ ಉರಿಯಿತು. ಆದರೆ ದನಿ ಏರಿಸಿದರೆ ಅಕ್ಕನಿಗೆ ಗೊತ್ತಾಗುತ್ತದೆ. ಒಂದು ಬೆಳಗ್ಗೆ, ಒಂದೇ ಬೆಳಗ್ಗೆ ಅಂತ ಮೂರು ಸಲ ಬೇಡಿಕೊಂಡೆ. ಅವನು ಮೂರು ಸಲವೂ ಕೈಮುಗಿದ.

ಅಕ್ಕನಿಗೆ ಹಿಂದಿ ಬಾರದು. "ಏನಂತೋ ಅವನದು?" ಎಂದಳು.

"ಇನ್ನೊಂದು ಕಟ್ಟಡದಲ್ಲಿ ರೂಮು ಕೊಡ್ತಾರಂತೆ ಅಕ್ಕ."

"ಪಾಪ, ಅಷ್ಟು ಕೈಮುಗಿದು ಕೇಳ್ತಿದಾನೆ. ಒಪ್ಕೊಳ್ಳೋ."

ಒಪ್ಪಿಕೊಂಡೆ. ನನ್ನಂಥ ಕೈಲಾಗದವನು ಇನ್ನೊಬ್ಬನಿರಲಾರ. ಸಿಲಿಂಡರನ್ನು ನಾನೇ ಹೊತ್ತೆ, ಅವಳ ಬಾಚಣಿಗೆ, ಶಾಲು ಎಲ್ಲ ಮತ್ತೆ ಚೀಲಕ್ಕೆ ತುಂಬಿದೆ. ಗಾಡಿ ಅಸ್ಸಿ ದಾಟಿ ಕಂಟೋನ್ಮೆಂಟಿನ ಕಡೆ ಹೊರಟಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಆ ರೂಮಿನ ಕಿಟಕೀನೂ ಪೂರ್ವಕ್ಕೇ ಇದೆಯೇನೋ?"

"ಹೌದಕ್ಕ" ಅಂದೆ. ನಮ್ಮ ಮನೆಯ ಕಿಟಕಿ ಪೂರ್ವಕ್ಕೇ ಇದೆ.