ಟೇಪಣ್ಣನ ಸಣ್ಣ ಮನೆಗಳು

ನಮ್ಮ ಓಣಿಯ ಹದಿನೇಳು ಮನೆಗಳನ್ನು ನೀವು ಕಣ್ಣಾರೆ ನೋಡಿದ್ದರೆ ಪರವಾಗಿಲ್ಲ ಎನ್ನುತ್ತಿದ್ದಿರಿ. ಪಾಲಿಕೆಯ ಕಂದಾಯ ಪುಸ್ತಕದಲ್ಲಿ ನೋಡಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದಿರಿ. ಆ ಪುಸ್ತಕದಲ್ಲಿ ನಮ್ಮ ಯಾರ ಮನೆಗೂ ಮಹಡಿ ಇಲ್ಲ, ಹಿತ್ತಿಲ ಕೋಣೆ ಇಲ್ಲ, ತಾರಸಿ ಇಲ್ಲ. ಎಲ್ಲರದೂ ತಗಡಿನ ಮಾಡು. ಎಲ್ಲ ಮನೆಗಳಿಗೂ ಎಂಬತ್ತು ತೊಂಬತ್ತು ವರ್ಷ ವಯಸ್ಸು, ಇವತ್ತೋ ನಾಳೆಯೋ ಎನ್ನುವ ಸ್ಥಿತಿ. ನನ್ನ ಮನೆಗಂತೂ ನೂರ ಹನ್ನೊಂದು. ಅದರ ಅಡಿಪಾಯ ತೋಡುವಾಗ ನಾನೇ ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದೆ, ನನಗೀಗ ಐವತ್ತಾರು.

ಇದನ್ನೆಲ್ಲ ಬರೆದವನು ಟೇಪಣ್ಣ. ಮನೆಗಂದಾಯಕ್ಕಾಗಿ ಕಟ್ಟಡ ಅಳೆಯುವುದು ಪಾಲಿಕೆಯಲ್ಲಿ ಅವನ ಕೆಲಸ. ಮೂವತ್ತೊಂದು ವರ್ಷ ಸೊಂಟಕ್ಕೆ ಉಕ್ಕಿನ ಟೇಪು ಸಿಕ್ಕಿಸಿಕೊಂಡು ಓಡಾಡಿದ್ದಕ್ಕೆ ಈ ಹೆಸರು ಬಂತು. ಅವನ ನಿಜವಾದ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನು ಲಂಚ ತಿಂದು ಹೀಗೆ ಬರೆದನೆಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಅಳತೆಗೆ ಬಂದ ದಿನ ಅವನು ನಮ್ಮ ಮನೆಗಳಲ್ಲಿ ಒಂದು ಲೋಟ ಟೀ ಕೂಡ ಮುಟ್ಟುತ್ತಿರಲಿಲ್ಲ. ಉಳಿದ ದಿನ ಕೊಟ್ಟರೆ ಎರಡು ಲೋಟ ಕುಡಿಯುತ್ತಿದ್ದ.

ಅವನ ಅಳತೆಗೆ ಒಂದು ರೀತಿ ಇತ್ತು. ಗೋಡೆಯ ಹೊರಗಿನಿಂದ ಅಳೆಯಬೇಕು ಎನ್ನುವುದು ನಿಯಮ, ಅವನು ಒಳಗಿನಿಂದ ಅಳೆಯುತ್ತಿದ್ದ. ಹಿತ್ತಿಲಿಗೆ ಹೋಗುವಾಗ ಅವನಿಗೆ ಸರಿಯಾಗಿ ಕೆಮ್ಮು ಬರುತ್ತಿತ್ತು, ಹಾಗಾಗಿ ವಾಪಸ್ ಬಂದುಬಿಡುತ್ತಿದ್ದ. ಮಹಡಿ ಕಂಡರೆ ಅಟ್ಟ ಎಂದು ಬರೆಯುತ್ತಿದ್ದ, ಏಕೆಂದರೆ ಅಟ್ಟಕ್ಕೆ ಕಂದಾಯವಿಲ್ಲ. ಇದಕ್ಕೆಲ್ಲ ಮೂಲ ಒಂದು ಕೋಳಿಗೂಡು. ಅವನು ಚಿಕ್ಕವನಿದ್ದಾಗ ಬಂದ ಅಳತೆಗಾರನೊಬ್ಬ ಅವರ ಮನೆಯ ಕೋಳಿಗೂಡನ್ನೂ ಕೋಣೆ ಎಂದು ಬರೆದುಕೊಂಡು ಹೋದನಂತೆ. ಕೋಳಿಗಳು ಸತ್ತು, ಗೂಡು ಮುರಿದು, ಕೊನೆಗೆ ಅಪ್ಪ ಅಮ್ಮ ತೀರಿಕೊಂಡ ಮೇಲೂ ಆ ಕೋಣೆಗೆ ಕಂದಾಯ ಕಟ್ಟಿದವಳು ಅವನ ಅಕ್ಕ.

ಅಕ್ಕ ಅಂದರೆ ಅವನೊಬ್ಬನಿಗೇ ಅಲ್ಲ, ಓಣಿಗೆಲ್ಲ ಅಕ್ಕ. ತಮ್ಮನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದು ಅವನನ್ನು ಓದಿಸಿದಳು, ಆಮೇಲೂ ಹೊಲಿದು ಹೊಲಿದು ಮನೆಯ ಮೇಲೊಂದು ಮಹಡಿ ಎಬ್ಬಿಸಿದಳು. ಎರಡು ಕಿಟಕಿ, ಮೂರು ಹೊಲಿಗೆ ಯಂತ್ರ, ಕೆಲಸಕ್ಕೆ ಇಬ್ಬರು ಹೆಂಗಸರು. ಓಣಿಯಲ್ಲಿ ಅಷ್ಟು ಗಾಳಿ ಬೆಳಕಿನ ಜಾಗ ಇನ್ನೊಂದಿರಲಿಲ್ಲ. ಪುಸ್ತಕದಲ್ಲಿ ಅದೂ ಅಟ್ಟವೇ.

ಟೇಪಣ್ಣ ಜೀವಮಾನದಲ್ಲಿ ಸರಿಯಾಗಿ ಅಳೆದದ್ದು ಒಂದೇ ಕಟ್ಟಡವನ್ನು. ಅದು ನಮ್ಮ ಓಣಿಯ ಬೆನ್ನಿಗಿರುವ ದೊಡ್ಡ ಹೋಟೆಲು. ಅಲ್ಲಿಯ ಮ್ಯಾನೇಜರು ಅವನನ್ನು ಒಂದು ಗಂಟೆ ಗೇಟಿನಲ್ಲಿ ನಿಲ್ಲಿಸಿ, ಆಮೇಲೆ ಹಿಂದಿನ ಬಾಗಿಲಿನಿಂದ ಬಾ ಅಂದಿದ್ದ. ಟೇಪಣ್ಣನೂ ಮನುಷ್ಯನೇ ತಾನೆ. ಕಾವಲುಗಾರನ ಗೂಡು, ಕಾರಂಜಿ, ಈಜುಕೊಳ, ಈಜುಕೊಳದ ಪಕ್ಕ ಬಟ್ಟೆ ಬದಲಿಸುವ ಡಬ್ಬಿ, ಯಾವುದನ್ನೂ ಬಿಡದೆ ಇಂಚಿಂಚೂ ಬರೆದುಕೊಂಡ. ಆ ಸಂಜೆ ಅವನ ಮುಖ ನೋಡಬೇಕಿತ್ತು.

ಅಷ್ಟರಲ್ಲಿ ಸಮುದ್ರ ತನ್ನ ಕೆಲಸ ನೋಡಿಕೊಳ್ಳುತ್ತಿತ್ತು. ಮೊದಲು ವರ್ಷಕ್ಕೆ ಎರಡು ಸಲ ಬರುತ್ತಿದ್ದ ದೊಡ್ಡ ಉಬ್ಬರ ಈಗ ಹತ್ತು ಸಲ ಬರತೊಡಗಿತು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಚರಂಡಿಯ ಜಾಲರಿಯಿಂದ ಉಪ್ಪುನೀರು ಮೇಲೆ ಬಂದು ಓಣಿಯಲ್ಲಿ ಆರಾಮಾಗಿ ಅಡ್ಡಾಡಿ ಹೋಗುತ್ತದೆ. ಓಣಿಯ ಬಾಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮೊದಲು ಮೆಷಿನ್ನನ್ನು ಎರಡು ಇಟ್ಟಿಗೆಯ ಮೇಲೆ ಇಟ್ಟೆ, ಆಮೇಲೆ ನಾಲ್ಕು, ಆಮೇಲೆ ಆರು. ಈಗ ಕಾಗದ ಇಡಲು ಗಿರಾಕಿಗಳೇ ತುದಿಗಾಲಲ್ಲಿ ನಿಲ್ಲಬೇಕು.

ಪಾಲಿಕೆ ಎಚ್ಚೆತ್ತುಕೊಂಡಿತು. ಸಮುದ್ರದ ಜೊತೆ ಬಾಳುವ ಯೋಜನೆ ಎಂದು ಹೆಸರಿಟ್ಟು, ದೊಡ್ಡ ನಕ್ಷೆಯೊಂದನ್ನು ಕಚೇರಿಯ ಗೋಡೆಗೆ ಅಂಟಿಸಿತು. ಕಡಲಗೋಡೆ ಬರುವ ಕಡೆ ನೀಲಿ ಗೆರೆ. ನಮ್ಮ ಓಣಿಗೆ ಹಸಿರು ಬಣ್ಣ ಬಳಿದಿದ್ದರು. ನಮಗೆ ಪಾರ್ಕು ಬರುತ್ತಿದೆ ಎಂದು ನಾವು ಸಿಹಿ ಹಂಚಿದೆವು. ಬೆಂಚುಗಳು ಎಲ್ಲಿರಬೇಕು ಎಂಬುದರ ಬಗ್ಗೆ ಎರಡು ಮನೆಯವರಿಗೆ ಜಗಳವೂ ಆಯಿತು.

ಆ ಹಸಿರಿನ ಅರ್ಥ ಹೇಳಿದವರು ಯೋಜನೆಯ ಇಂಜಿನಿಯರ್ ಮೇಡಂ. ನಕ್ಷೆಯ ಪ್ರತಿ ಮಾಡಿಸಲು ನನ್ನ ಅಂಗಡಿಗೇ ಬಂದಿದ್ದರು.

"ಹಸಿರು ಅಂದ್ರೆ ಸಮುದ್ರಕ್ಕೆ ಬಿಟ್ಟುಕೊಡೋ ಜಾಗ. ಗೋಡೆ ನಿಮ್ಮ ಓಣಿಯ ಹಿಂದೆ ಬರತ್ತೆ," ಅಂದರು.

"ಹಿಂದೆ ಅಂದ್ರೆ?"

"ಹೋಟೆಲ್ ಒಳಗೆ, ನೀವು ಹೊರಗೆ. ನಿಮ್ಮನ್ನ ಸೇರಿಸಿಕೊಂಡ್ರೆ ಗೋಡೆ ಮುನ್ನೂರು ಮೀಟರ್ ಜಾಸ್ತಿ ಆಗತ್ತೆ. ಗೋಡೆಗೆ ಎಷ್ಟು ಖರ್ಚೋ ಅದರ ಎರಡರಷ್ಟು ಆಸ್ತಿ ಉಳಿದ್ರೆ ಮಾತ್ರ ಬ್ಯಾಂಕು ಸಾಲ ಕೊಡೋದು. ನಿಮ್ಮ ಹದಿನೇಳು ಮನೆ ಸೇರಿಸಿದ್ರೂ ಹೋಟೆಲಿನ ಈಜುಕೊಳದಷ್ಟು ಆಗಲ್ಲ."

"ಮೇಡಂ, ನಮ್ಮ ಮನೆಗಳನ್ನ ನೀವು ನೋಡಿದೀರಲ್ಲ."

"ನೋಡಿದೀನಿ. ಆದ್ರೆ ನಾನು ನೋಡಿದ್ದನ್ನ ಬ್ಯಾಂಕು ಒಪ್ಪಲ್ಲ, ಕಂದಾಯದ ಪುಸ್ತಕ ಒಪ್ಪತ್ತೆ."

ಒಟ್ಟಿನಲ್ಲಿ, ಕೊಳದ ನೀರನ್ನು ಸಮುದ್ರದ ನೀರಿನಿಂದ ಕಾಪಾಡಲು ಗೋಡೆ ಕಟ್ಟುತ್ತಾರೆ, ನಮ್ಮನ್ನು ಬಿಡುತ್ತಾರೆ. ಯಾರನ್ನು ಬೈಯುವುದು? ಮೇಡಂ ಒಳ್ಳೆಯವರು. ಬ್ಯಾಂಕಿನವರು ನಮ್ಮ ಓಣಿಯನ್ನು ಕಂಡವರೇ ಅಲ್ಲ. ನಿವೃತ್ತನಾಗಿ ಎರಡು ವರ್ಷವಾಗಿದ್ದ ಟೇಪಣ್ಣ ಕಚೇರಿಗೆ ಹೋಗಿ, ನಕ್ಷೆಯ ಮೇಲೆ ಬೆರಳಿಟ್ಟು ಓಣಿಯನ್ನು ಹುಡುಕಿ, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟನಂತೆ. ಎರಡು ದಿನ ಊಟ ಸೇರಲಿಲ್ಲ ಎಂದು ಅಕ್ಕ ಹೇಳಿದಳು.

ಅಹವಾಲು ಕೇಳುವ ಸಭೆ ಶಾಲೆಯ ಮೇಲಂತಸ್ತಿನ ಸಭಾಂಗಣದಲ್ಲಿ ನಡೆಯಿತು. ನಡುವೆ ಆಯುಕ್ತರು, ಒಂದು ಪಕ್ಕ ಮೇಡಂ, ಇನ್ನೊಂದು ಪಕ್ಕ ಕಂದಾಯ ಅಧಿಕಾರಿ. ಆಯುಕ್ತರ ಎದುರಿನ ಕಿಟಕಿಯಿಂದ ನಮ್ಮ ಓಣಿ ಪೂರ್ತಿ ಕಾಣುತ್ತಿತ್ತು. ಅಕ್ಕನ ಮಹಡಿ, ಅದರ ಎರಡು ಕಿಟಕಿ, ತಾರಸಿಯಲ್ಲಿ ಒಣಗುತ್ತಿದ್ದ ಬಟ್ಟೆ, ಎಲ್ಲವೂ.

ಟೇಪಣ್ಣ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಸಾರ್, ಈ ಓಣಿಯ ಪುಸ್ತಕ ಸುಳ್ಳು. ಬರೆದವನು ನಾನೇ."

ಆಯುಕ್ತರು ಕನ್ನಡಕ ತೆಗೆದರು. "ಇದರ ಪರಿಣಾಮ ಗೊತ್ತಾ ನಿಮಗೆ? ಪಿಂಚಣಿಗೆ ಕುತ್ತು ಬರತ್ತೆ."

"ಗೊತ್ತು ಸಾರ್. ಮನೆಗಳನ್ನ ಸರಿಯಾಗಿ ಅಳೀರಿ. ಗೋಡೆ ಮುಂದೆ ಬರಲಿ."

ಮೇಡಂ ಪೆನ್ನು ಎತ್ತಿಕೊಂಡರು, ಅವರ ಮುಖ ಅರಳಿತ್ತು. ಆದರೆ ಕಂದಾಯ ಅಧಿಕಾರಿ ಗಂಟಲು ಸರಿಮಾಡಿಕೊಂಡು, ಪುಸ್ತಕ ಸುಳ್ಳಾದರೆ ಮನೆ ಕಟ್ಟಿದಂದಿನಿಂದ ಇವತ್ತಿನವರೆಗಿನ ಕಂದಾಯವನ್ನು ದಂಡದ ಸಮೇತ ವಸೂಲಿ ಮಾಡಬೇಕಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಇಂಥ ಮಾತನ್ನು ಅವರು ಯಾವಾಗಲೂ ಮೆಲ್ಲಗೇ ಹೇಳುವುದು.

"ಮಾಲೀಕರನ್ನೇ ಕೇಳೋಣ," ಅಂದರು ಆಯುಕ್ತರು. ನನ್ನ ಗ್ರಹಚಾರ, ನಾನು ಮೊದಲ ಸಾಲಿನಲ್ಲಿದ್ದೆ. "ಹೇಳಿ, ನಿಮ್ಮ ಮನೆ ಪುಸ್ತಕದಲ್ಲಿ ಇರೋ ಹಾಗೇ ಇದೆಯಾ?"

ಹಿತ್ತಿಲಲ್ಲಿ ನನಗೆ ಎರಡು ಕೋಣೆಗಳಿವೆ. ಮಗಳ ಬಾಣಂತನಕ್ಕೆ ಕಟ್ಟಿಸಿದ್ದು.

"ಹಾಗೇ ಇದೆ ಸಾರ್," ಅಂದೆ.

ಆಮೇಲೆ ಒಬ್ಬೊಬ್ಬರೂ ಎದ್ದು ಅದನ್ನೇ ಹೇಳಿದರು. ಒಬ್ಬನಂತೂ ತನ್ನ ಮನೆ ಪುಸ್ತಕದಲ್ಲಿರುವುದಕ್ಕಿಂತಲೂ ಚಿಕ್ಕದಿರಬಹುದು ಅಂದ. ಟೇಪಣ್ಣ ನಿಂತೇ ಇದ್ದ. ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದ, ಸಿಟ್ಟೇನೂ ಇರಲಿಲ್ಲ. ಕೊನೆಗೆ ಅಕ್ಕನ ಸರದಿ ಬಂದಾಗ ಮಾತ್ರ ಅವನು ನಕ್ಕ. ಆ ಮಹಡಿಯ ಬಗ್ಗೆ ಅಕ್ಕನಿಗೆ ಎಷ್ಟು ಹೆಮ್ಮೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮಹಡಿ ಎಲ್ಲಿಂದ ಬರಬೇಕು ಸಾರ್," ಅಂದಳು ಅಕ್ಕ. "ಅಟ್ಟ ಅದು. ಹಳೇ ಪಾತ್ರೆ ಇಟ್ಟಿದೀನಿ. ನನ್ನ ತಮ್ಮನಿಗೆ ಈಚೆಗೆ ಮರೆವು, ಏನೇನೋ ಹೇಳ್ತಾನೆ. ತಲೆ ಕೆಡಿಸ್ಕೋಬೇಡಿ."

ಮೇಡಂಗೆ ತಡೆಯಲಾಗಲಿಲ್ಲ. "ಸಾರ್, ಕಿಟಕಿಯಿಂದಾನೇ ಕಾಣ್ತಿದೆ."

"ಪುಸ್ತಕಾನೂ ಮಾಲೀಕರೂ ಒಂದೇ ಮಾತು ಹೇಳ್ತಿರೋವಾಗ ಕಿಟಕಿಯಿಂದ ನೋಡೋಕೆ ನಿಯಮ ಇಲ್ಲಮ್ಮ," ಅಂದರು ಆಯುಕ್ತರು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಆ ಕಿಟಕಿಯನ್ನೂ ಮುಚ್ಚಿಸಿದರು.

ಮೆಟ್ಟಿಲಿಳಿಯುವಾಗ ಮೇಡಂ ಟೇಪಣ್ಣನ ತೋಳು ಹಿಡಿದು ನಿಲ್ಲಿಸಿದ್ದನ್ನು ನಾನು ನೋಡಿದೆ. ಅಳೆದವನೇ ತಪ್ಪೊಪ್ಪಿಗೆ ಬರೆದು, ನಿಜವಾದ ಅಳತೆ ಸಮೇತ ಸಹಿ ಹಾಕಿ ಕೊಟ್ಟರೆ, ಮಾಲೀಕರು ಏನೇ ಹೇಳಲಿ, ಮರು ಅಳತೆ ಮಾಡಲೇಬೇಕು ಅಂದರು. ಆರು ಪ್ರತಿ ಬೇಕು, ಶನಿವಾರ ಸಂಜೆ ಐದಕ್ಕೆ ಕೊನೆ.

ಮನೆ ಕಡೆ ನಡೆಯುವಾಗ ನಾನು ಅಕ್ಕ ತಮ್ಮಂದಿರ ಹಿಂದೆಯೇ ಇದ್ದೆ.

"ಯಾಕೆ ಹಾಗೆ ಹೇಳಿದೆ?" ಎಂದು ಕೇಳಿದ ಟೇಪಣ್ಣ. "ಮನೆ ಹೋಗತ್ತಲ್ಲ ಅಕ್ಕ."

"ಹೋಗಲಿ. ಪಿಂಚಣಿ ಹೋದ್ರೆ ನಿನ್ನನ್ನ ಯಾರು ನೋಡ್ಕೊಳ್ತಾರೆ? ನನಗೆ ಎಪ್ಪತ್ತಮೂರು. ಇನ್ನೊಂದು ಸಲ ನಿನ್ನನ್ನ ಸಾಕೋಕೆ ಆಗಲ್ಲ ಕಣೋ."

ಶನಿವಾರ ಬೆಳಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅಕ್ಕ ಅಂಗಡಿಯ ಮುಂದೆ ನಿಂತಿದ್ದಳು. "ಅವನು ರಾತ್ರಿ ಹಗಲು ಕೂತು ಬರೀತಿದಾನೆ. ಪ್ರತಿ ಮಾಡಿಸೋಕೆ ಬಂದ್ರೆ ಮೆಷಿನ್ ಕೆಟ್ಟಿದೆ ಅನ್ನು," ಅಂದಳು. ನಾನು ತಲೆಯಾಡಿಸಿದೆ.

ಟೇಪಣ್ಣ ಬಂದದ್ದು ಮೂರೂಮುಕ್ಕಾಲಿಗೆ. ಇನ್ನೊಂದು ಜೆರಾಕ್ಸ್ ಅಂಗಡಿ ಊರಿನ ಆ ತುದಿಯಲ್ಲಿದೆ, ಬಸ್ಸಿನಲ್ಲಿ ಹೋಗಲಿಕ್ಕೇ ಒಂದು ಗಂಟೆ. ಅವನು ನಾಲ್ಕು ಹಾಳೆಗಳನ್ನು ನನ್ನ ಮುಂದಿಟ್ಟ. ತಪ್ಪಿಲ್ಲದ ದುಂಡು ಅಕ್ಷರ. ಹದಿನೇಳು ಮನೆಗಳೂ ಅದರಲ್ಲಿದ್ದವು, ಪುಸ್ತಕದಲ್ಲಿ ಇರುವಂತೆ ಅಲ್ಲ, ನಿಜಕ್ಕೂ ಇರುವಂತೆ. ಯಾರ ಮನೆಗೂ ಮತ್ತೆ ಹೋಗಿ ಅಳೆದಿರಲಿಲ್ಲ. ಮೂವತ್ತೊಂದು ವರ್ಷ ಕಡಿಮೆ ಬರೆದವನಿಗೆ ನಿಜವಾದ ಅಳತೆ ಎಲ್ಲವೂ ಬಾಯಿಪಾಠವಾಗಿತ್ತು.

ನನ್ನ ಮನೆಯದನ್ನು ಓದಿದೆ. ಹಿತ್ತಿಲ ಎರಡು ಕೋಣೆಗಳು, ಅವುಗಳ ಉದ್ದ ಅಗಲ, ಕಟ್ಟಿದ ವರ್ಷ. ಮಗುವಿಗೆ ಗಾಳಿ ಬರಲೆಂದು ಆಮೇಲೆ ಗೋಡೆ ಒಡೆದು ಇಟ್ಟ ಕಿಟಕಿಯನ್ನು ನಾನೇ ಮರೆತಿದ್ದೆ. ಅದೂ ಇತ್ತು. ನನ್ನ ಮನೆಯನ್ನು ಇಷ್ಟು ಚೆನ್ನಾಗಿ ಬಲ್ಲವನು ಇನ್ನೊಬ್ಬನಿಲ್ಲ.

"ಆರು ಪ್ರತಿ," ಅಂದ ಟೇಪಣ್ಣ.

"ಮೆಷಿನ್ ಕೆಟ್ಟಿದೆ ಟೇಪಣ್ಣ. ಸೋಮವಾರ ರಿಪೇರಿಯವನು ಬರ್ತಾನೆ."

ಅವನು ಬರುವ ಹೊತ್ತಿಗೆ ಶಾಲೆಯ ಜವಾನನೊಬ್ಬ ಪ್ರಶ್ನೆಪತ್ರಿಕೆಯ ಪ್ರತಿಗಳ ಕಟ್ಟು ಹಿಡಿದು ಆಗಷ್ಟೇ ಹೊರಗೆ ಹೋಗಿದ್ದ. ಟೇಪಣ್ಣ ಮೆಷಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟ. ಅದು ಇನ್ನೂ ಬಿಸಿಯಿತ್ತು. ಕೈ ತೆಗೆದ.

"ಹಳೇದಾಯ್ತಲ್ಲ, ಕೆಡತ್ತೆ," ಎಂದು ಅವನೇ ನನಗೆ ಸಮಾಧಾನ ಹೇಳಿದ. ಹಾಳೆಗಳನ್ನು ಅಲ್ಲೇ ಬಿಟ್ಟು ಹೋದ.

ಗೋಡೆ ನಮ್ಮ ಹಿಂದೆಯೇ ಎದ್ದಿತು. ನಮಗೆ ಊರಾಚೆ ಬದಲಿ ಮನೆ ಕೊಟ್ಟಿದ್ದಾರೆ, ಪುಸ್ತಕದಲ್ಲಿದ್ದಷ್ಟೇ ಅಳತೆಯ ಒಂದೊಂದು ಕೋಣೆ. ಅಕ್ಕನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟರೆ ಕಾಲು ಚಾಚಲು ಜಾಗವಿಲ್ಲ. ಉಳಿದೆರಡನ್ನು ಮಾರಿದಳು. ಟೇಪಣ್ಣನ ಪಿಂಚಣಿ ತಿಂಗಳು ತಿಂಗಳು ತಪ್ಪದೆ ಬರುತ್ತಿದೆ. ಅವನು ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಾನೆ, ಮಗಳನ್ನೂ ಮೊಮ್ಮಗುವನ್ನೂ ವಿಚಾರಿಸುತ್ತಾನೆ. ಅಕ್ಕ ಹೇಳಿದ್ದಕ್ಕೇ ಮೆಷಿನ್ ಕೆಟ್ಟಿದೆ ಅಂದೆ ಎಂದು ಅವನಿಗೆ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆದರೆ ಅಕ್ಕ ಬಂದಿರದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.